ಹರ್ಕ್ಯುಲೇನಿಯಮ್: ಮರವೂ ಉಳಿದುಕೊಂಡ ಊರು

ಇಟಲಿಯ ನೇಪಲ್ಸಿಗೆ ಹೋದವರೆಲ್ಲ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಊರಾದ ಪಾಂಪೆಗೆ ಓಡುತ್ತಾರೆ. ನಾವೂ ಹೋಗಿದ್ದೆವು. ಆದರೆ ಮನಸ್ಸಿನಲ್ಲಿ ಕೂತದ್ದು ಅದೇ ರೈಲು ದಾರಿಯಲ್ಲಿ ಮೊದಲೇ ಸಿಗುವ ಹರ್ಕ್ಯುಲೇನಿಯಮ್. ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ಇಳಿದು ಸಮುದ್ರದ ಕಡೆಗೆ ಇಳಿಜಾರಿನಲ್ಲಿ ನಡೆದರೆ ಗೇಟು. ಅದನ್ನು ದಾಟಿದರೆ ದೊಡ್ಡ ಹಳ್ಳ, ಅದರ ತಳದಲ್ಲಿ ಒಂದು ರೋಮನ್ ಊರು. ಹಳ್ಳದ ಅಂಚಿಗೇ ಈಗಿನವರ ಮನೆಗಳು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ. ಹಿಂದೆ ವೆಸೂವಿಯಸ್ ಜ್ವಾಲಾಮುಖಿ.

ಕ್ರಿ.ಶ. 79ರಲ್ಲಿ ಬೆಟ್ಟ ಸಿಡಿದಾಗ ಗಾಳಿ ಆಗ್ನೇಯಕ್ಕೆ ಬೀಸುತ್ತಿತ್ತು. ಹಗುರ ಕಲ್ಲುಗಳ ಮಳೆ ಪಾಂಪೆಯ ಮೇಲೆ ಸುರಿದು ಸೂರುಗಳನ್ನು ಕೆಡವಿತು. ಹರ್ಕ್ಯುಲೇನಿಯಮ್ ಮೇಲೆ ಬಿದ್ದದ್ದು ಅಲ್ಪ. ರಾತ್ರಿ ಕಳೆಯುವ ಮೊದಲೇ ಕುದಿಯುವ ಅನಿಲ ಮತ್ತು ಬೂದಿ ಬೆಟ್ಟದಿಂದ ನುಗ್ಗಿ ಬಂತು. ಒಂದರ ಮೇಲೊಂದು ಪ್ರವಾಹ ಬಂದು ಊರನ್ನು ಸುಮಾರು 20 ಮೀಟರ್ ಆಳದಲ್ಲಿ ಹೂತುಹಾಕಿತು. ಗಾಳಿಯಾಡದ ಆ ಶಾಖದಲ್ಲಿ ಮರ ಬೂದಿಯಾಗದೆ ಇದ್ದಿಲಾಗಿ ಉಳಿಯಿತು.

ಹಾಗಾಗಿಯೇ ಇಲ್ಲಿ ತೊಲೆ, ಬಾಗಿಲ ಚೌಕಟ್ಟು, ಮಹಡಿ ಎಲ್ಲವೂ ಕಾಣಸಿಗುತ್ತವೆ. ಒಂದು ಮನೆಯ ನಡುಮನೆಗೆ ಅಡ್ಡಲಾಗಿ ಮರದ ತೆರೆಬಾಗಿಲು ನಿಂತಿದೆ. ಕಪ್ಪು ಹಲಗೆಯ ಮೇಲೆ ದೀಪವಿಡುವ ಕಂಚಿನ ಆಸರೆ ಇನ್ನೂ ಇದೆ. ಸಂಜೆ ಅದಕ್ಕೆ ದೀಪ ಸಿಕ್ಕಿಸಿ ಆ ಬಾಗಿಲು ಎಳೆದುಕೊಳ್ಳುತ್ತಿದ್ದ ಕೈಯನ್ನು ಊಹಿಸುವುದು ಕಷ್ಟವಲ್ಲ. ಸಮುದ್ರದೇವ ನೆಪ್ಚೂನನ ನೀಲಿ ಹಸಿರು ಮೊಸಾಯಿಕ್ ಇರುವ ಮನೆಯನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನನ್ನ ಕಣ್ಣು ಹೋದದ್ದು ಅದರ ಮಗ್ಗುಲಿನ ಅಂಗಡಿಗೆ. ಮರದ ಅಟ್ಟಣೆಯ ಮೇಲೆ ಚೂಪು ತಳದ ದ್ರಾಕ್ಷಾರಸದ ಕೊಡಗಳು ಒರಗಿವೆ, ಮಾಲೀಕ ಹೊರಗೆ ಹೋಗಿದ್ದಾನೆ ಅನ್ನುವ ಹಾಗೆ.

ಅಸ್ಥಿಪಂಜರಗಳು ಬೆರಳೆಣಿಕೆಯಷ್ಟೇ ಸಿಕ್ಕಿದ್ದರಿಂದ ಊರಿನವರು ತಪ್ಪಿಸಿಕೊಂಡಿದ್ದರು ಎಂದೇ ಬಹುಕಾಲ ನಂಬಿದ್ದರು. 1980ರ ನಂತರ ಹಳೆಯ ಕಡಲತೀರವನ್ನು ಅಗೆದಾಗ ಆ ನಂಬಿಕೆ ಮುರಿಯಿತು. ದೋಣಿ ಇಡುತ್ತಿದ್ದ ಕಮಾನು ಕೋಣೆಗಳಲ್ಲೂ ಮುಂದಿನ ಮರಳಿನಲ್ಲೂ ಸುಮಾರು 300 ಜನ. ಹೆಂಗಸರು, ಮಕ್ಕಳು ಹೆಚ್ಚಾಗಿ ಒಳಗೆ. ಗಂಡಸರು ಹೆಚ್ಚಾಗಿ ಹೊರಗೆ. ಈಗ ಕೋಣೆಗಳಲ್ಲಿ ಇಟ್ಟಿರುವುದು ಎಲುಬುಗಳ ಪ್ರತಿಕೃತಿ. ಅದು ಗೊತ್ತಿದ್ದೂ ಒಬ್ಬರಿಗೊಬ್ಬರು ಅಂಟಿಕೊಂಡಿರುವ ಆ ಗುಂಪನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಒಬ್ಬ ಹೆಂಗಸಿನ ಬೆರಳಲ್ಲಿ ಉಂಗುರಗಳಿದ್ದವಂತೆ. ಸಮುದ್ರದಿಂದ ಯಾರಾದರೂ ಬಂದು ಕರೆದೊಯ್ಯುತ್ತಾರೆ ಎಂದೇ ಇವರೆಲ್ಲ ಕಾದಿರಬೇಕು. ಇಂದು ಆ ಸಮುದ್ರವೂ ಅಲ್ಲಿಲ್ಲ. ಲಾವಾ, ಬೂದಿ ತುಂಬಿ ನೂರಾರು ಮೀಟರ್ ಹಿಂದೆ ಸರಿದಿದೆ.

ಊರಿನ ಬಹುಭಾಗ ಈಗಿನ ಮನೆಗಳ ಅಡಿಯಲ್ಲೇ ಇದೆ. ಹೊರವಲಯದ ಶ್ರೀಮಂತರ ಮನೆಯೊಂದರಲ್ಲಿ 1752ರಿಂದ ಇದ್ದಿಲಾದ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಸುರುಳಿಗಳು ಸಿಕ್ಕವು, ಸಾವಿರಕ್ಕೂ ಹೆಚ್ಚು. ಬಿಚ್ಚಲು ಹೋದರೆ ಪುಡಿಯಾಗುವಂಥವು. ಅವನ್ನು ಬಿಚ್ಚದೆಯೇ, ಎಕ್ಸ್-ರೇ ಚಿತ್ರ ಮತ್ತು ಕಂಪ್ಯೂಟರ್ ಬಳಸಿ ಓದುವ ಕೆಲಸದಲ್ಲಿ 2023ರಲ್ಲಿ ಮೊದಲ ಪದ ಸಿಕ್ಕಿತು. ಮರುವರ್ಷ ಸಾಲು ಸಾಲು ಗ್ರೀಕ್ ಗದ್ಯ, ಊಟ, ಸಂಗೀತ, ಸುಖದ ಬಗ್ಗೆ. ಆ ಮನೆಯನ್ನೂ ಪೂರ್ತಿ ಅಗೆದಿಲ್ಲ. ನೇಪಲ್ಸಿನಲ್ಲಿ ನಿಮಗೆ ಒಂದೇ ದಿನ ಇದ್ದರೆ, ಪಾಂಪೆಗೆ ಮೊದಲು ಇಲ್ಲಿ ಇಳಿಯಿರಿ.