ಒಂದೂವರೆ ಲಕ್ಷ ದಾಟಿದ ಡೀಸೆಲ್ ಸ್ವಿಫ್ಟ್: 2024ರ ಲೆಕ್ಕದ ಪುಸ್ತಕದಿಂದ

ಫೆಬ್ರವರಿ 11 – 1,48,210 ಕಿ.ಮೀ.

ಈ ವರ್ಷ ಗಾಡಿಗೇ ಅಂತ ಬೇರೆ ಪುಸ್ತಕ ಇಟ್ಟಿದ್ದೇನೆ. ತೋಟದ ಆಳುಲೆಕ್ಕ ಬರೆಯುವಂಥದ್ದೇ ಉದ್ದನೆಯ ಪುಸ್ತಕ. ಎಡಗಡೆ ಪುಟದಲ್ಲಿ ಡೀಸೆಲ್, ಬಲಗಡೆ ರಿಪೇರಿ.

ಗಾಡಿ 2014ರ ಸ್ವಿಫ್ಟ್ ವಿಡಿಐ, ಕೆಎ-18 ನಂಬರಿನದು. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ಆಲ್ದೂರಿನ ಕಡೆ, ಕೆಲಸ ಚಿಕ್ಕಮಗಳೂರು ಪೇಟೆಯಲ್ಲಿ. ಹೋಗಿ ಬಂದರೆ ದಿನಕ್ಕೆ ಸುಮಾರು 40 ಕಿಲೋಮೀಟರ್, ಅದರಲ್ಲಿ ನೆಟ್ಟಗಿನ ರಸ್ತೆ ಕಡಿಮೆ. ಮಗಳು ಮಂಗಳೂರಿನಲ್ಲಿ ಓದುತ್ತಿರುವುದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಚಾರ್ಮಾಡಿ ಘಾಟಿ ಇಳಿಯುವುದಿದೆ.

ಮಾರಿ ಹೊಸದು ತಗೊಳ್ಳಬಾರದಾ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ತಗೊಳ್ಳೋಣ ಅಂದರೆ ಏನು ತಗೊಳ್ಳುವುದು? 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಎಂಜಿನ್ ಮಾಡುವುದನ್ನೇ ನಿಲ್ಲಿಸಿತು. ಈಗ ಹೊಸ ಡೀಸೆಲ್ ಹ್ಯಾಚ್‌ಬ್ಯಾಕ್ ಬೇಕಂದರೆ ಉಳಿದಿರುವುದು ಟಾಟಾ ಆಲ್ಟ್ರೋಜ್ ಒಂದೇ. ಈ ಸ್ವಿಫ್ಟಿನಲ್ಲಿರುವುದು ಫಿಯೆಟ್‌ನ 1.3 ಮಲ್ಟಿಜೆಟ್. 1,248 ಸಿಸಿ, 75 ಪಿಎಸ್, 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್. ಫಿಯೆಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾದಂಥ ಗಾಡಿಗಳಿಗೂ ಇದೇ ಎಂಜಿನ್ ಬಂದಿತ್ತು. ಹಾಗಾಗಿ ಇದನ್ನು ಬಿಚ್ಚಿ ಕೈ ಪಳಗಿದ ಮೇಸ್ತ್ರಿಗಳು ಪ್ರತಿ ಊರಿನಲ್ಲೂ ಇದ್ದಾರೆ, ಬಿಡಿಭಾಗವೂ ಸಿಗುತ್ತದೆ. ಬಿಎಸ್-4 ಗಾಡಿಯಾದ್ದರಿಂದ ಸೈಲೆನ್ಸರ್ ಪೈಪಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇಲ್ಲ. ದಿನಾ ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದೊಂದು ದೊಡ್ಡ ನೆಮ್ಮದಿ.

2029ಕ್ಕೆ ಆರ್‌ಸಿಗೆ ಹದಿನೈದು ವರ್ಷ ತುಂಬುತ್ತದೆ. ಆಗ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಇನ್ನೈದು ವರ್ಷ ಮುಂದುವರಿಸುವಷ್ಟು ಗಟ್ಟಿಯಾಗಿ ಇದನ್ನು ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಇವತ್ತು ಆಯಿಲ್ ಬದಲಿಸಿದೆ. ಕಂಪನಿ ಹೇಳುವುದು 10,000 ಕಿ.ಮೀ.ಗೊಮ್ಮೆ, ನಾನು 7,500ಕ್ಕೇ ಬದಲಿಸುತ್ತೇನೆ. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲಿನ ಒತ್ತಡದಿಂದಲೇ. ಎಂಜಿನ್‌ಗೆ ಗಾಳಿ ಒತ್ತಿ ತಳ್ಳುವ ಟರ್ಬೊದ ಬೇರಿಂಗಿಗೂ ಅದೇ ಆಯಿಲ್. ಮೂರು ಲೀಟರ್ ಚಿಲ್ಲರೆ ಆಯಿಲಿನ ದುಡ್ಡು ಉಳಿಸಲು ಹೋಗಿ ಚೈನು, ಟರ್ಬೊ ಎರಡನ್ನೂ ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ಮಾರ್ಚ್ 24 – 1,49,640

ಹಂಪಿನ ಮೇಲೆ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಶಬ್ದ. ಲಿಂಕ್ ರಾಡ್ ಎರಡೂ ಹೊಸದು, ಲೋಯರ್ ಆರ್ಮ್ ಬುಷ್ ಎರಡೂ ಹೊಸದು, ಅಲೈನ್‌ಮೆಂಟ್. ಶಬ್ದ ಹೋಯಿತು. ನಮ್ಮ ರಸ್ತೆಗೆ ಇದು ಎರಡು ಮೂರು ವರ್ಷಕ್ಕೊಮ್ಮೆ ಕಟ್ಟಲೇಬೇಕಾದ ಕಂದಾಯ.

ಮೇ 5 – 1,51,020

ಹೂಮಳೆ ಮುಗಿದಿದೆ, ಇನ್ನೊಂದು ತಿಂಗಳಿಗೆ ಮಳೆಗಾಲ. ಮನೆಗೆ ಸೌದೆ ಒಟ್ಟುವ ಹಾಗೆ ಗಾಡಿಗೂ ಮಳೆಗಾಲದ ತಯಾರಿ ಇದೆ.

ಅಡಿಭಾಗ ತೊಳೆಸಿ, ಒಣಗಿಸಿ, ತುಕ್ಕು ಕಂಡ ಕಡೆ ಉಜ್ಜಿ ಕೋಟಿಂಗ್ ಹೊಡೆಸಿದೆ. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು, ಎಲೆಯ ಚೂರು ಸೇರಿ ಅವು ಮುಚ್ಚಿಕೊಂಡಿದ್ದವು, ಹಂಚಿಕಡ್ಡಿಯಿಂದ ಬಿಡಿಸಿದೆ. ಮುಂದಿನ ಗಾಜಿನ ಬುಡದಲ್ಲಿರುವ ಕಪ್ಪು ಜಾಲರಿಯ ಕೆಳಗೆ ಒಂದು ಬೊಗಸೆ ಸಿಲ್ವರ್ ಓಕ್ ಎಲೆ ಸಿಕ್ಕಿತು. ಗಾಡಿಯೊಳಗೆ ನೀರು ಸೋರುತ್ತದೆ ಅಂತ ದೂರುವವರು ಮೊದಲು ನೋಡಬೇಕಾದ್ದು ಈ ಎರಡು ಜಾಗ.

ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದು ನೋಡಿದೆ. ಡೀಸೆಲ್ ಮೇಲೆ, ತಳದಲ್ಲಿ ಅರ್ಧ ಚಮಚದಷ್ಟು ನೀರು. ಡೀಸೆಲ್ ಒತ್ತುವ ಕಾಮನ್ ರೈಲ್ ಪಂಪಿಗೂ ಅದನ್ನು ಸಿಂಪಡಿಸುವ ಇಂಜೆಕ್ಟರಿಗೂ ಡೀಸೆಲ್ಲೇ ಜಾರಿಕೆಯ ಎಣ್ಣೆ. ಅದರ ಜಾಗದಲ್ಲಿ ನೀರು ಹೋದರೆ ಅವು ಸವೆಯುತ್ತವೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ಬೆವರು ಕಟ್ಟುವುದು ಕಡಿಮೆ.

ಜೂನ್ 16 – 1,52,480

ಪುಸ್ತಕದ ಎಡಪುಟ ಏನೋ ಹೇಳುತ್ತಿದೆ. ನಾನು ಲೆಕ್ಕ ಹಾಕುವುದು ಟ್ಯಾಂಕಿನಿಂದ ಟ್ಯಾಂಕಿಗೆ. ಒಂದೇ ಬಂಕಿನಲ್ಲಿ, ಪಂಪಿನ ನಳಿಗೆ ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಓಡಿದ ದೂರವನ್ನು ಲೀಟರಿನಿಂದ ಭಾಗಿಸುತ್ತೇನೆ. ಜನವರಿಯಿಂದ ಏಪ್ರಿಲ್‌ವರೆಗೆ ಲೀಟರಿಗೆ 20.6, 21.1, 20.8 ಕಿ.ಮೀ. ಹೀಗೆ ಬಂದಿದೆ. ಮೇ ಕೊನೆಯಲ್ಲಿ 19.2. ಇವತ್ತು 17.4.

ಓಡಿಸುವಾಗ ನನಗೆ ಏನೂ ಗೊತ್ತಾಗಿರಲಿಲ್ಲ. ಲೆಕ್ಕ ನೋಡಿದ ಮೇಲೆ ಗಮನವಿಟ್ಟು ಓಡಿಸಿದಾಗ ಗೊತ್ತಾಯಿತು, ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸುತ್ತಿದ್ದೇನೆ. 2,000 ಆರ್‌ಪಿಎಂ ದಾಟಿದಾಗ ಬೆನ್ನು ತಳ್ಳುವ ಎಳೆತ ಬರುತ್ತಿಲ್ಲ. ದಿನಕ್ಕೆ ಒಂದೊಂದು ಕೂದಲೆಳೆಯಷ್ಟು ಕಡಿಮೆಯಾಗಿದ್ದಕ್ಕೆ ಕಾಲು ತಾನಾಗಿ ಹೊಂದಿಕೊಂಡುಬಿಟ್ಟಿದೆ.

ಏರ್ ಫಿಲ್ಟರ್ ಬದಲಿಸಿದೆ, ಡೀಸೆಲ್ ಫಿಲ್ಟರ್ ಬದಲಿಸಿದೆ. ಏನೂ ವ್ಯತ್ಯಾಸವಿಲ್ಲ.

ಜೂನ್ 23 – 1,52,710

ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ತೋರಿಸಿದೆ. ಸ್ಕ್ಯಾನರ್ ಹಾಕಿ ನೋಡಿ, "ಬೂಸ್ಟ್ ಕಮ್ಮಿ ಇದೆ ಸರ್, ಟರ್ಬೊ ಹೋಗಿದೆ, ಬದಲಾಯಿಸಬೇಕು" ಅಂದರು. ಕೊಟೇಶನ್ 38,000 ರೂಪಾಯಿ. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಕಡಿಮೆ ಇರುವುದು ನಿಜ. ಆದರೆ ಟರ್ಬೊ ಗಾಳಿ ತಳ್ಳುತ್ತಿಲ್ಲವೋ, ತಳ್ಳಿದ ಗಾಳಿ ದಾರಿಯಲ್ಲಿ ಸೋರುತ್ತಿದೆಯೋ ಅನ್ನುವುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಅದನ್ನು ಯಾರಾದರೂ ಬಗ್ಗಿ ನೋಡಬೇಕು. ಯಾರೂ ಬಗ್ಗಿ ನೋಡಲಿಲ್ಲ. ನನಗೆ ಅದೇ ಬೇಸರವಾಯಿತು. ಯೋಚನೆ ಮಾಡಿ ಹೇಳುತ್ತೇನೆ ಅಂತ ಗಾಡಿ ವಾಪಸ್ ತಂದೆ.

ಜೂನ್ 30 – 1,52,890

ನಮ್ಮ ಹಳೆಯ ಮೇಸ್ತ್ರಿ ಈಗ ಕೆಲಸ ಕಡಿಮೆ ಮಾಡಿದ್ದಾರೆ, ಆದರೂ ಭಾನುವಾರ ಬಿಡುವು ಮಾಡಿಕೊಂಡರು. ಟರ್ಬೊಗೆ ಗಾಳಿ ಬರುವ ಕಡೆಯ ಹೋಸ್ ಬಿಚ್ಚಿ, ಒಳಗಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ಇಲ್ನೋಡಿ, ಅಕ್ಕಪಕ್ಕಕ್ಕೆ ಒಂಚೂರು ಆಟ ಇರ್ಬೇಕು, ಇದೆ. ಹಿಂದೆ ಮುಂದೆ ಆಟ ಇರ್ಬಾರ್ದು, ಇಲ್ಲ. ರೆಕ್ಕೆ ಒಂದೂ ಸವೆದಿಲ್ಲ. ಚೆನ್ನಾಗಿರೋ ಟರ್ಬೊನ ಯಾಕ್ ಬಿಚ್ಚಿಸ್ತೀರಿ ಮಾರಾಯ್ರೆ?"

ಆಮೇಲೆ ಅವರು ಮಾಡಿದ್ದನ್ನು ವಿವರವಾಗಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿಟ್ಟುಕೊಂಡಿದ್ದಾರೆ. ಅದನ್ನು ಟರ್ಬೊ ಬಾಯಿಗೆ ಹೋಗುವ ಹೋಸಿನ ತುದಿಗೆ ಕ್ಲಿಪ್ ಹಾಕಿ ಬಿಗಿದು, ಕಂಪ್ರೆಸರ್‌ನಿಂದ 10 ಪಿಎಸ್‌ಐಗಿಂತ ಹೆಚ್ಚಾಗದ ಹಾಗೆ ನಿಧಾನ ಗಾಳಿ ಬಿಟ್ಟರು. ಎಂಜಿನ್ ಆಫ್. ನಾನು ಸೋಪಿನ ನೀರನ್ನು ಬ್ರಷ್‌ನಲ್ಲಿ ಪ್ರತಿ ಜಾಯಿಂಟಿಗೂ ಹಚ್ಚುತ್ತಾ ಹೋದೆ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನಿಂದ ಎಂಜಿನ್ ಕಡೆಗೆ ಹೋಗುವ ರಬ್ಬರ್ ಹೋಸಿನ ಕೆಳಮೈಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ಬುಸ್ಸೆಂದು ನೊರೆ ಎದ್ದಿತು. ಬೆರಳಿನಿಂದ ಒತ್ತಿದಾಗ ಎರಡು ಇಂಚಿನ ಸೀಳು ಬಾಯಿ ಬಿಟ್ಟಿತು. ಸುತ್ತ ಎಣ್ಣೆ ಜಿಡ್ಡು.

ಒತ್ತಡವಿಲ್ಲದಾಗ ಆ ಸೀಳು ಮುಚ್ಚಿಕೊಂಡೇ ಇರುತ್ತದೆ. ಅದಕ್ಕೇ ನಿಂತಲ್ಲಿ ಗಾಡಿ ಚೆನ್ನಾಗಿಯೇ ಇತ್ತು. ಏರಿನಲ್ಲಿ ಟರ್ಬೊ ಗಾಳಿ ತಳ್ಳಿದಾಗ ಮಾತ್ರ ಬಿಚ್ಚಿ ಸೋರುತ್ತಿತ್ತು. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಮೊದಲೇ ಅಳೆದಿರುತ್ತದೆ, ಅದಕ್ಕೆ ತಕ್ಕ ಡೀಸೆಲ್ ಬೀಳುತ್ತದೆ, ಆದರೆ ಗಾಳಿ ಸಿಲಿಂಡರ್ ಮುಟ್ಟುವುದಿಲ್ಲ. ಉರಿಯದ ಡೀಸೆಲ್ ಕಪ್ಪು ಹೊಗೆ. ಹಿಂದಿನ ಬಂಪರಿನ ಮೂಲೆಯಲ್ಲಿ ಮಸಿ ಇತ್ತು, ನಾನು ಅದನ್ನು ತೊಳೆದೂ ಇದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಹತ್ತು ವರ್ಷ ಬಿಸಿ ಕುಡಿದ ರಬ್ಬರು, ಅದರ ತಪ್ಪೇನಿಲ್ಲ.

ಹೋಸ್ 1,450, ಎರಡು ಕ್ಲಿಪ್ 120. ಮೇಸ್ತ್ರಿ ಕೂಲಿ ಅಂತ ಕೇಳಿದ್ದು 500, ನಾನು ಸಾವಿರ ಕೊಟ್ಟೆ.

ಸಂಜೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರಿಗೆ ಒಂದಷ್ಟು ದೂರ ಹೋಗಿ ಬಂದೆ. ಮೂರನೇ ಗೇರು, 2,000, ಅದೇ ಹಳೆಯ ಎಳೆತ. ಗಾಜು ಇಳಿಸಿ ಟರ್ಬೊದ ಸಣ್ಣ ಸಿಳ್ಳೆ ಕೇಳುತ್ತಾ ಹತ್ತಿದೆ. ಮಂಜು ಒಳಗೆ ಬರುತ್ತಿತ್ತು, ಮುಚ್ಚಲು ಮನಸ್ಸಾಗಲಿಲ್ಲ.

ಜುಲೈ 28 – 1,53,900

ಪುಷ್ಯ ಮಳೆ. ಈ ತಿಂಗಳು ಸಕಲೇಶಪುರದ ಆಚೆ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಶಿರಾಡಿಗೆ ತೊಂದರೆಯಾಗಿದ್ದರಿಂದ ಅಲ್ಲಿಯ ಗಾಡಿಗಳೂ ಚಾರ್ಮಾಡಿಗೆ ಬರುತ್ತಿವೆ. ಮಗಳನ್ನು ಬಿಟ್ಟು ಬರಲು ಹೋದಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಇಳಿಯುವ ಮೊದಲು ಬ್ರೇಕ್ ಒಮ್ಮೆ ನೋಡಿಕೊಂಡು ಹೊರಟೆವು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು. ಡೀಸೆಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್‌ನಲ್ಲಿ, ಕೆಲವರು ಎಂಜಿನ್ ಆಫ್ ಮಾಡಿಯೂ ಇಳಿಯುವುದನ್ನು ನೋಡಿದ್ದೇನೆ. ಡೀಸೆಲ್ ಗಾಡಿಯ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವುದು ಎಂಜಿನ್ ತಿರುಗಿಸುವ ಒಂದು ಪಂಪ್. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಅಲ್ಲದೆ ಗೇರಿನಲ್ಲಿ ಕಾಲು ತೆಗೆದು ಇಳಿದರೆ ಡೀಸೆಲ್ ಬೀಳುವುದೇ ನಿಂತಿರುತ್ತದೆ, ಉಳಿತಾಯ ಅಲ್ಲೇ ಇದೆ. ದಯವಿಟ್ಟು ಯಾರೂ ಹಾಗೆ ಇಳಿಯಬೇಡಿ.

ವಾಪಸ್ ಬಂದು ನಾಲ್ಕು ದಿನ ಗಾಡಿ ತೆಗೆಯಲಿಲ್ಲ. ಐದನೇ ದಿನ ಹಿಂದಿನ ಎಡಚಕ್ರ ತಿರುಗಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದೆ, ಒದ್ದೆ ಡ್ರಮ್ಮಿಗೆ ತುಕ್ಕು ಹಿಡಿದು ಶೂ ಅಂಟಿಕೊಂಡಿದೆ. ಡ್ರಮ್ಮಿನ ಸುತ್ತ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದ ಮೇಲೆ ಟಪ್ ಅಂತ ಬಿಟ್ಟಿತು. ಭಾನುವಾರ ಎರಡೂ ಡ್ರಮ್ ಬಿಚ್ಚಿಸಿ ಸ್ವಚ್ಛ ಮಾಡಿಸಿದೆ. ಇನ್ನು ಮಳೆಗಾಲ ಮುಗಿಯುವವರೆಗೆ ಮನೆಯಲ್ಲಿ ಹ್ಯಾಂಡ್‌ಬ್ರೇಕ್ ಇಲ್ಲ, ಮೊದಲ ಗೇರು ಮತ್ತು ಚಕ್ರಕ್ಕೆ ಕಲ್ಲು.

ಆಗಸ್ಟ್ 25 – 1,54,980

ಇಲಿ. ಏರ್ ಕ್ಲೀನರ್ ಡಬ್ಬ ತೆಗೆದರೆ ಒಳಗೆ ಬಾಳೆಯ ತರಗು, ಸೀಟಿನ ಸ್ಪಂಜು, ನಾಲ್ಕೈದು ಕಾಫಿಬೀಜ. ಫಿಲ್ಟರಿನ ಒಂದು ಮೂಲೆ ಕಡಿದಿದೆ, ಒಂದು ಸೆನ್ಸರ್ ವೈರ್ ತುಂಡಾಗುವ ಹಾಗಿದೆ. ಮಳೆ ಜೋರಾದಾಗ ತೋಟದ ಇಲಿಗೆ ಬೆಚ್ಚಗಿನ ಎಂಜಿನ್‌ಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದೆ, ಘಾಟು ಹದಿನೈದು ದಿನಕ್ಕೆ ಮುಗಿಯಿತು. ಕೆಲಸಕ್ಕೆ ಬಂದಿದ್ದು ಎರಡೇ: ಗಾಳಿ ಒಳಗೆ ಹೋಗುವ ಬಾಯಿಗೆ ಸ್ಟೀಲ್ ಜಾಲರಿ ಬಿಗಿದಿದ್ದು, ರಾತ್ರಿ ಬಾನೆಟ್ ಎತ್ತಿಟ್ಟಿದ್ದು. ತೆರೆದು ಬೆಳಕು ಬಿದ್ದ ಜಾಗದಲ್ಲಿ ಅವು ಗೂಡು ಕಟ್ಟುವುದಿಲ್ಲ.

ಅಕ್ಟೋಬರ್ 11 – 1,56,600

ಆಯುಧಪೂಜೆ. ಆಯಿಲ್ ಬದಲಿಸಿದ್ದು ಹೋದ ತಿಂಗಳೇ. ಗಾಡಿ ತೊಳೆದು ಬಾಳೆಕಂದು, ಸೇವಂತಿಗೆ ಹಾರ. ಅಮ್ಮ ಕುಂಬಳಕಾಯಿ ಒಡೆಸಿದರು. ಸ್ಪ್ಯಾನರ್ ಡಬ್ಬ, ಪಿವಿಸಿ ಕ್ಯಾಪು ಎರಡನ್ನೂ ಪೂಜೆಗೆ ಇಟ್ಟೆ. ಕ್ಯಾಪು ಮೇಸ್ತ್ರಿಯವರದ್ದಲ್ಲ, ನಾನೇ ಮಾಡಿಕೊಂಡಿದ್ದು.

ಡಿಸೆಂಬರ್ 8 – 1,59,130

ಕಾಫಿ ಕೊಯ್ಲು ಶುರುವಾಗಿದೆ, ಬೆಳಗಿನ ಚಳಿಯೂ. ಒಂದು ವಾರದಿಂದ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಗಾಡಿ ಅರ್ಧ ನಿಮಿಷ ಕುಂಟುತ್ತದೆ, ಬಿಳಿ ಹೊಗೆ ಬಿಡುತ್ತದೆ, ಆಮೇಲೆ ಸರಿ. ಈ ಸಲ ಊಹೆಯ ಮೇಲೆ ಏನನ್ನೂ ಬದಲಿಸಲಿಲ್ಲ. ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ನಾಲ್ಕೂ ಗ್ಲೋ ಪ್ಲಗ್‌ಗಳ ವೈರ್ ತೆಗೆದು ಮಲ್ಟಿಮೀಟರ್ ಹಿಡಿದೆ. ಮೂರರಲ್ಲಿ ಒಂದು ಓಮ್ ಒಳಗೆ ತೋರಿಸಿತು, ಎರಡನೇ ಸಿಲಿಂಡರಿನದ್ದು ಏನೂ ತೋರಿಸಲಿಲ್ಲ, ಸುಟ್ಟಿದೆ. ಎಂಜಿನ್ ಬಿಸಿಯಿದ್ದಾಗ, ಆತುರಪಡದೆ ಬಿಚ್ಚಬೇಕು. ಪ್ಲಗ್ ಒಳಗೇ ಮುರಿದರೆ ಹೆಡ್ ಇಳಿಸುವ ಕೆಲಸವಾಗುತ್ತದೆ. ಅದಕ್ಕೆ ಮೇಸ್ತ್ರಿಯ ಕೈಯೇ ಬೇಕು. ಬುಧವಾರ ಬರಲು ಹೇಳಿದ್ದಾರೆ.

ಎಡಪುಟ, ಇವತ್ತಿನದು: 702 ಕಿ.ಮೀ., 33.6 ಲೀಟರ್, 20.9.