ಅಲೆ ಎದ್ದರೆ ನೀರು ಬೇಗ ಆರುತ್ತಾ?

ಅಲೆ ಎದ್ದರೆ ನೀರಿನ ಮೈ ಹಿಗ್ಗುತ್ತದೆ, ಹಾಗಾಗಿ ಆವಿಯೂ ಜಾಸ್ತಿ ಏಳುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ಹಿಗ್ಗು ತೀರಾ ಕಡಿಮೆ. ಸಮುದ್ರದ ಮೇಲೆ ಬಿಸಿಲು ಫಳಫಳ ಹೊಳೆಯುವುದನ್ನು ಸಾಗರ ವಿಜ್ಞಾನಿಗಳಾದ ಚಾರ್ಲ್ಸ್ ಕಾಕ್ಸ್ ಮತ್ತು ವಾಲ್ಟರ್ ಮಂಕ್ ವಿಮಾನದಿಂದ ಫೋಟೋ ತೆಗೆಸಿ, ಆ ಹೊಳಪಿನಿಂದಲೇ ಅಲೆಗಳ ಇಳಿಜಾರು ಲೆಕ್ಕ ಹಾಕಿದರು. 1954ರಲ್ಲಿ ಪ್ರಕಟಿಸಿದರು. ಎಂಥ ಚೆಂದದ ಉಪಾಯ! ಅವರ ಸೂತ್ರ ಹಿಡಿದು ನಾನೂ ಲೆಕ್ಕ ಹಾಕಿದೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಬೀಸುವಾಗಲೂ ನೀರಿನ ಮೈ ಹಿಗ್ಗುವುದು ಶೇಕಡಾ 3ರ ಆಸುಪಾಸು. ಅಷ್ಟೇ.

ಹಾಗಾದರೆ ಗಾಳಿ ಬೀಸಿದ ದಿನ ನೀರು ಅಷ್ಟು ಬೇಗ ಆರುವುದೇಕೆ? ನೀರಿಗೆ ತಾಗಿಕೊಂಡೇ ಕೆಲವು ಮಿಲಿಮೀಟರ್ ದಪ್ಪದ ಗಾಳಿ ಹೆಚ್ಚುಕಡಿಮೆ ಅಲುಗಾಡದೆ ನಿಂತಿರುತ್ತದೆ. ಆವಿ ನಿಧಾನಕ್ಕೆ ಅದರೊಳಗೆ ನುಸುಳಿಯೇ ಮೇಲೆ ಬರಬೇಕು. ಗಾಳಿ ಬೀಸಿದರೆ ಆ ಪದರ ತೆಳ್ಳಗಾಗುತ್ತದೆ. ಮೇಲಿನ ತೇವ ಸರಿದು ಒಣಗಾಳಿ ಬರುತ್ತದೆ.

ಒಂದೇ ಅಳತೆಯ ಎರಡು ತಟ್ಟೆಯಲ್ಲಿ ನೀರು ಹಾಕಿ, ಒಂದನ್ನು ಮಾತ್ರ ಫ್ಯಾನ್ ಕೆಳಗೆ ಇಟ್ಟು, ಆಗಾಗ ತೂಕ ಮಾಡುವುದು ನನಗಿಷ್ಟದ ಪ್ರಯೋಗ. ಫ್ಯಾನ್ ಕೆಳಗಿನದು ಬೇಗ ಹಗುರಾಗುತ್ತದೆ. ಅದರಲ್ಲಿ ಬೆರಳು ಅದ್ದಿ ನೋಡಿ, ನೀರು ಇನ್ನೊಂದಕ್ಕಿಂತ ತಣ್ಣಗಿರುತ್ತದೆ. ಆವಿ ಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ತಣ್ಣಗಾದ ನೀರಿನಿಂದ ಆವಿ ಏಳುವುದೂ ಕಡಿಮೆ. ಅಂದರೆ ಗಾಳಿ ತಾನು ಮಾಡಿದ ಕೆಲಸಕ್ಕೆ ತಾನೇ ಸ್ವಲ್ಪ ತಡೆ ಹಾಕುತ್ತದೆ.

ಗಾಳಿ ಎರಡು ಪಟ್ಟಾದರೆ ಆವಿಯೂ ಎರಡು ಪಟ್ಟು ಅಂದುಕೊಳ್ಳಬೇಡಿ. ಬ್ರಿಟನ್ನಿನ ವಿಜ್ಞಾನಿ ಹೊವರ್ಡ್ ಪೆನ್‌ಮನ್ 1948ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಗಾಳಿಯೇ ಇಲ್ಲದಾಗ ಹೋಗುವುದಕ್ಕಿಂತ ಸೆಕೆಂಡಿಗೆ 2 ಮೀಟರ್ ಗಾಳಿಯಲ್ಲಿ ಸುಮಾರು ಎರಡರಷ್ಟು, 4 ಮೀಟರ್ ಗಾಳಿಯಲ್ಲಿ ಸುಮಾರು ಮೂರರಷ್ಟು ನೀರು ಹೋಗುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದರೆ ಮಾತ್ರ. ಗಾಳಿಯಲ್ಲೇ ತೇವ ತುಂಬಿದ್ದರೆ ಎಷ್ಟು ಬೀಸಿದರೂ ಸುಮ್ನೆ.

ಅಲೆಗಳದ್ದೂ ಪಾಲಿದೆ. ಅವು ನೀರಿನ ಮೈಯನ್ನು ಒರಟಾಗಿಸಿ, ಮೇಲೆ ಹಾಯುವ ಗಾಳಿಯನ್ನು ಸುಳಿಯಾಗಿ ಕಲಕುತ್ತವೆ. ಜೋರು ಗಾಳಿಗೆ ಅಲೆಯ ತುದಿ ಒಡೆದು ತುಂತುರು ಹಾರಿದರಂತೂ ಒಂದೊಂದು ಹನಿಯೂ ಸುತ್ತಲಿಂದ ಆರತೊಡಗುತ್ತದೆ. ಆದರೆ ದೂರದಿಂದ ಬಂದ ನುಣ್ಣನೆಯ ದೊಡ್ಡ ತೆರೆ, ಗಾಳಿ ಇಲ್ಲದಿದ್ದರೆ, ನೋಡಲು ಭರ್ಜರಿ ಅಷ್ಟೇ.

ದೊಡ್ಡ ಕೆರೆಯ ಲೆಕ್ಕ ಹಾಕುವವರು ಇನ್ನೊಂದನ್ನೂ ನೋಡಬೇಕು. ಗಾಳಿ ಈ ದಡದಿಂದ ಆ ದಡಕ್ಕೆ ಹೋಗುವಷ್ಟರಲ್ಲಿ ತೇವ ಹೀರಿಕೊಂಡಿರುತ್ತದೆ. ಹಾಗಾಗಿ ಸಣ್ಣ ತೊಟ್ಟಿಯಲ್ಲಿ ಅಳೆದದ್ದನ್ನು ಕೆರೆಗೆ ಹಾಗೇ ಅನ್ವಯಿಸಿದರೆ ಲೆಕ್ಕ ಜಾಸ್ತಿಯಾಗಿಬಿಡುತ್ತದೆ.