ಅವ್ವನ ಹಿಮ್ಮಡಿ

ಚಳ್ಳಕೆರೆ ಕಡೆ ಶೇಂಗಾ ಕಿತ್ತು ಮುಗಿಯುವ ಹೊತ್ತಿಗೆ ಚಳಿಗಾಳಿ ಶುರುವಾಗಿರುತ್ತದೆ. ಮೊದಲೇ ಮಳೆ ಕಮ್ಮಿ ಇರುವ ಸೀಮೆ ನಮ್ಮದು. ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಆಗ ಹೊಲಕ್ಕೆ ಹೋಗುವ ಹೆಂಗಸರ ಕಾಲು ನೋಡಬೇಕು. ಹಿಮ್ಮಡಿಯ ಸುತ್ತ ಸೀಳು, ಸೀಳಿನೊಳಗೆ ಕೆಂಪು ಮಣ್ಣು. ಎಲ್ಲರಿಗೂ ಇರುವುದರಿಂದ ಯಾರೂ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ಅವ್ವ ಬಚ್ಚಲಲ್ಲಿ ಕೂತು ಅಣ್ಣನ ಹಳೇ ಬ್ಲೇಡಿನಿಂದ ಹಿಮ್ಮಡಿಯ ಗಟ್ಟಿ ಚರ್ಮ ಹೆರೆಯುತ್ತಿದ್ದಳು. ಅವ್ವನಿಗೆ ಶುಗರ್ ಇದೆ. ನನ್ನ ಎದೆ ಝಲ್ಲೆಂದಿತು.

"ಬ್ಲೇಡು ಕೊಡವ್ವ ಇಲ್ಲಿ."

"ನೋವೇನಿಲ್ಲ ಬಿಡೇ, ಸುಮ್ನೆ ಹೆರೀತಿದೀನಿ."

ಒಂದು ಸೀಳಿನಿಂದ ರಕ್ತ ಜಿನುಗುತ್ತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಶುಗರ್ ಹಳೆಯದಾದರೆ ಕಾಲಿನ ನರ ಸೋತು ಹೋಗುತ್ತವೆ. ಬೆವರು ಕಮ್ಮಿಯಾಗಿ ಚರ್ಮ ಇನ್ನೂ ಒಣಗುತ್ತದೆ. ಗಾಯವಾದದ್ದು ತಿಳಿಯುವುದಿಲ್ಲ, ಬೇಗ ಮಾಯುವುದೂ ಇಲ್ಲ.

ಮಾರನೇ ದಿನವೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬೆರಳ ಸಂದಿ ಬಿಡಿಸಿ ಹುಳುಕು ಇದೆಯಾ ಅಂತ ನೋಡಿದರು. ಸಣ್ಣ ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತಾ "ಇಲ್ಲಿ ಗೊತ್ತಾಗುತ್ತಾ ಅಮ್ಮ?" ಅಂತ ಕೇಳಿದರು. ಕೆಲವು ಕಡೆ ಅವ್ವ ಏನೂ ಹೇಳಲಿಲ್ಲ. ಅಲ್ಲಿ ಕೂತಿದ್ದಾಗ ನನಗೆ ತುಂಬಾ ಸಂಕಟವಾಯಿತು.

ಅವರು ಹೇಳಿದ್ದರಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು ಅನಿಸುತ್ತದೆ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆ ಗ್ರಂಥಿಗಳೇ ಇಲ್ಲ. ಜಿಡ್ಡನ್ನು ನಾವೇ ಹಚ್ಚಬೇಕು. ಹಿಂದೆ ಪಟ್ಟಿ ಇಲ್ಲದ ಹವಾಯಿ ಚಪ್ಪಲಿಯಲ್ಲಿ ದಿನವಿಡೀ ನಿಂತರೆ ಮೈಭಾರಕ್ಕೆ ಹಿಮ್ಮಡಿ ಅಗಲವಾಗುತ್ತದೆ. ಒಣ ಚರ್ಮ ಹಿಗ್ಗುವುದಿಲ್ಲ. ತಣ್ಣಗಾದ ಸಜ್ಜೆ ರೊಟ್ಟಿ ಬಗ್ಗಿಸಿದಾಗ ಸೀಳುವ ಹಾಗೆ ಅಂಚಿನಲ್ಲಿ ಸೀಳುತ್ತದೆ.

ಅವ್ವನ ಅಭ್ಯಾಸವೆಂದರೆ ಕುದಿ ಕುದಿ ನೀರಿಗೆ ಉಪ್ಪು ಹಾಕಿ ಕಾಲು ನೆನೆಸುವುದು. ಅದು ನಿಂತಿತು. ಬಿಸಿ ಜಾಸ್ತಿಯಾದರೆ ಇರುವ ಅಷ್ಟಿಷ್ಟು ಜಿಡ್ಡೂ ಹೋಗುತ್ತದೆ. ಸ್ಪರ್ಶ ಕಮ್ಮಿ ಇರುವವರಿಗೆ ಕಾಲು ಸುಟ್ಟರೂ ತಿಳಿಯುವುದಿಲ್ಲ. ಶುಗರ್ ಇಲ್ಲದ ನನ್ನಂಥವರು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕಲ್ಲಿನಿಂದ ಹಗುರವಾಗಿ ಉಜ್ಜಿಕೊಳ್ಳಬಹುದು. ಅವ್ವನಿಗೆ ಕಲ್ಲೂ ಬೇಡ, ಬ್ಲೇಡಂತೂ ಬೇಡವೇ ಬೇಡ.

ರಾತ್ರಿ ಕಾಲು ತೊಳೆದು, ಒತ್ತಿ ಒರೆಸಿ, ಪಸೆ ಆರುವ ಮೊದಲೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಗುಣ ಕಾಣುವುದಿಲ್ಲ. ಅವ್ವನಿಗೆ ಬರೆದುಕೊಟ್ಟದ್ದು ಯೂರಿಯಾ ಇರುವ ಕ್ರೀಮು. "ಹೊಲಕ್ಕೆ ಹಾಕೋದನ್ನ ಕಾಲಿಗೆ ಹಚ್ತಾರಾ?" ಅಂತ ಅವ್ವ ಬೆರಗಾದಳು. ಯೂರಿಯಾ ಚರ್ಮದಲ್ಲಿ ನೀರು ಹಿಡಿದಿಡುತ್ತದೆ, ಪ್ರಮಾಣ ಜಾಸ್ತಿ ಇದ್ದರೆ ಗಟ್ಟಿ ಪದರವನ್ನೂ ಸಡಿಲಿಸುತ್ತದೆ. ಬಾಯಿ ಬಿಟ್ಟ ಸೀಳಿಗೆ ಉರಿಯುತ್ತದೆ, ಅಲ್ಲಿಗೆ ಗಾಯದ ಮುಲಾಮು ಬೇರೆ. ಕ್ರೀಮಿನ ಮೇಲೆ ವ್ಯಾಸಲಿನ್ ಸವರಿ ಹತ್ತಿಯ ಕಾಲುಚೀಲ ಹಾಕಿದರೆ ಬೆಳಗಿನವರೆಗೂ ಮೆತ್ತಗಿರುತ್ತದೆ. ಬೆರಳ ಸಂದಿಗೆ ಮಾತ್ರ ಏನೂ ಹಚ್ಚಬಾರದು, ಅಲ್ಲಿ ಒದ್ದೆ ಉಳಿದರೆ ಹುಳುಕಾಗುತ್ತದೆ.

ನಾನು ಮುರುಗಲ ತುಪ್ಪ, ಅಂದರೆ ಕೋಕಂ ಬೀಜದಿಂದ ತೆಗೆದ ಗಟ್ಟಿ ಜಿಡ್ಡು, ಹಚ್ಚುತ್ತೇನೆ. ಅತ್ತಿಗೆಯ ತವರು ಶಿರಸಿ ಕಡೆ, ಅಲ್ಲಿಂದ ಉಂಡೆ ಬರುತ್ತದೆ. ಕೈಯಲ್ಲಿ ಉಜ್ಜಿದರೆ ಕರಗುತ್ತದೆ. ಹರಳೆಣ್ಣೆಯೂ ಆದೀತು. ದುಬಾರಿ ಡಬ್ಬಿಯೇ ಬೇಕೆಂದೇನಿಲ್ಲ, ದಿನಾ ಹಚ್ಚಬೇಕು ಅಷ್ಟೇ.

ಶಿವರಾತ್ರಿ ಕಳೆಯುವ ಹೊತ್ತಿಗೆ ಅವ್ವನ ಸೀಳು ಕೂಡಿಕೊಂಡಿತು. ಈಗ ಹೊಲಕ್ಕೆ ಹಿಮ್ಮಡಿ ಮುಚ್ಚುವ ಚಪ್ಪಲಿ ಹಾಕುತ್ತಾಳೆ, ಗೊಣಗುತ್ತಲೇ. ಸ್ಪರ್ಶ ಮಾತ್ರ ವಾಪಸ್ ಬಂದಿಲ್ಲ. ಬಗ್ಗಿ ಅಂಗಾಲು ನೋಡಿಕೊಳ್ಳಲು ಅವಳಿಗೆ ಆಗುವುದಿಲ್ಲ. ದಿನಾ ರಾತ್ರಿ ಅತ್ತಿಗೆ ಮೊಬೈಲ್ ಟಾರ್ಚ್ ಹಾಕಿ ನೋಡುತ್ತಾರೆ. ಸುತ್ತ ಕೆಂಪಾದರೆ, ಊದಿಕೊಂಡರೆ, ಕೀವು ಕಂಡರೆ ಕಾಯದೆ ಅವತ್ತೇ ದುರ್ಗಕ್ಕೆ ಹೊರಡುವುದು ಅಂತ ಮನೆಯವರೆಲ್ಲ ಮಾತಾಡಿಕೊಂಡಿದ್ದೇವೆ.